ಗೊಂಬೆ ನೋಡಲು ಬಂದವರು

ನಮ್ಮಿಬ್ಬರ ಮದುವೆಗೆ ಒಪ್ಪಿಗೆ ಕೇಳುತ್ತಾ ನಾನು ಹತ್ತಿಳಿದ ಮನೆಬಾಗಿಲುಗಳು ಕಡಿಮೆಯೇನಲ್ಲ. ಮದ್ದೂರಿನ ಹತ್ತಿರದ ನಮ್ಮ ಊರಿನಲ್ಲಿ ಅಪ್ಪನನ್ನು ಕೇಳಿದೆ, ಅಮ್ಮನನ್ನು ಕೇಳಿದೆ, ದೊಡ್ಡಪ್ಪನ ಮನೆಯ ಜಗಲಿಯ ಮೇಲೆ ಕೂತು ಅವರನ್ನೂ ಕೇಳಿದೆ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಅವಳ ತಂದೆಯನ್ನು, ತಾಯಿಯನ್ನು, ಕೊನೆಗೆ ಎಂಬತ್ತು ದಾಟಿದ ಅಜ್ಜಿಯನ್ನು ಕೇಳಿದೆ. ಜಾತಿ ಬೇರೆ, ಊಟ ಬೇರೆ, ಹಬ್ಬ ಮಾಡುವ ರೀತಿ ಬೇರೆ. ಹಾಗಾಗಿ ಕೇಳಬೇಕಾದವರ ಪಟ್ಟಿಯೂ ಉದ್ದವಾಗಿತ್ತು. ಒಬ್ಬೊಬ್ಬರಾಗಿ ಒಪ್ಪಿದರು. ಕೆಲವರು ನಗುನಗುತ್ತಾ, ಕೆಲವರು ‘ನಿನ್ನ ಹಣೆಬರಹ’ ಎನ್ನುವ ಧಾಟಿಯಲ್ಲಿ. ದಸರಾ ಕಳೆದ ಮೇಲೆ ನಮ್ಮ ಮನೆಯವರು ಮೈಸೂರಿಗೆ ಬರುವುದು, ಹಿರಿಯರು ಕೂತು ಮಾತನಾಡಿ ವೀಳ್ಯ ಬದಲಾಯಿಸುವುದು ಎಂದು ತೀರ್ಮಾನವಾಯಿತು.

ಅಂದು ನನ್ನನ್ನು ಗೇಟಿನವರೆಗೆ ಬೀಳ್ಕೊಡಲು ಬಂದ ಅವಳ ತಾಯಿ ದನಿ ತಗ್ಗಿಸಿ ಕೇಳಿದರು: “ಎಲ್ಲರನ್ನೂ ಕೇಳಿದಿರಿ, ಸಂತೋಷ. ಅವಳನ್ನು ಯಾವಾಗ ಕೇಳಿದಿರಿ?”

“ಅದು ನಮ್ಮಿಬ್ಬರಿಗೂ ಗೊತ್ತಿರುವ ವಿಷಯವೇ ಅಲ್ಲವೇ ಆಂಟಿ?” ಎಂದೆ.

“ಗೊತ್ತಿರುವುದು ಬೇರೆ, ಕೇಳುವುದು ಬೇರೆ. ನನ್ನನ್ನು ಯಾರೂ ಕೇಳಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದೆ, ನಮಸ್ಕಾರ ಮಾಡಿ ಒಳಗೆ ಹೋದೆ. ಅಷ್ಟರಲ್ಲಿ ಮದುವೆ ಗೊತ್ತಾಗಿತ್ತು. ನಮ್ಮವರು ಒಳ್ಳೆಯವರೇ, ಆ ಮಾತು ಬೇರೆ.”

ಅಲ್ಲಿಂದ ಶುರುವಾಯಿತು ಈ ಗುಟ್ಟಿನ ವ್ಯವಹಾರ. ಅವಳಿಗೂ ನನಗೂ ಪರಿಚಯವಾದದ್ದು ರಂಗಾಯಣದ ಬಹುರೂಪಿ ನಾಟಕೋತ್ಸವದ ಟಿಕೆಟ್ ಸಾಲಿನಲ್ಲಿ. ಮುಂದಿನದು ಎಲ್ಲರ ಕಥೆಯಂತೆಯೇ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ನಾನು ಹೆಬ್ಬಾಳದ ಕಡೆಯ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಇಷ್ಟು ಸಾಕು.

ಎಲ್ಲಿ ಕೇಳಬೇಕು ಎಂಬುದಕ್ಕೆ ಅವಳ ತಮ್ಮನ ಬಳಿ ಉತ್ತರ ಸಿದ್ಧವಿತ್ತು. ಭಾನುವಾರ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಕ್ಷಣದಲ್ಲಿ ನಾನು ಮಂಡಿಯೂರಿ ಉಂಗುರ ಚಾಚಬೇಕು, ಅವನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಅಜ್ಜಿ ಅಡಕೆ ಕತ್ತರಿಸುತ್ತಲೇ ಆ ಯೋಜನೆಯನ್ನೂ ಕತ್ತರಿಸಿದರು. “ದೀಪ ಹಚ್ಚುವುದು ಅರಮನೆಗೆ, ಜನ ನೋಡುವುದೂ ಅರಮನೆಯನ್ನು. ನಡುವೆ ಇವನು ಮಂಡಿಯೂರಿದರೆ ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾನೆ ಎಂದುಕೊಳ್ಳುತ್ತಾರೆ.” ಚಾಮುಂಡಿಬೆಟ್ಟದ ಮಾತೂ ಬಂತು. ದೊಡ್ಡದೇವರಾಜ ಒಡೆಯರ ಕಾಲದ ನಂದಿ ಸಾವಿರ ಮೆಟ್ಟಿಲುಗಳಲ್ಲಿ ಏಳುನೂರನ್ನು ಹತ್ತಿದ ಮೇಲೆ ಸಿಗುತ್ತಾನೆ. ಅಲ್ಲಿಗೆ ತಲುಪುವಾಗ ನನಗೆ ಏದುಸಿರು ಬಿಟ್ಟರೆ ಬೇರೇನೂ ಹೊರಡುವುದಿಲ್ಲ. ಬೃಂದಾವನ ಉದ್ಯಾನದ ಕಾರಂಜಿಯ ಮುಂದೆ ಎಂದರೆ ರಜಾದಿನದ ಜಂಗುಳಿಯಲ್ಲಿ ಅವಳ ಕೈ ಹಿಡಿದುಕೊಳ್ಳುವುದೇ ಒಂದು ಸಾಹಸ.

ನಿಜ ಹೇಳಬೇಕೆಂದರೆ, ಇಂಥವು ನನಗೆ ಮೊದಲಿನಿಂದಲೂ ಒಗ್ಗುವುದಿಲ್ಲ. ಅಪರಿಚಿತರು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿರುವ, ನಡುವೆ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡು ನಿಂತಿರುವ ವೀಡಿಯೊಗಳನ್ನು ನಾವೆಲ್ಲ ನೋಡಿದ್ದೇವೆ. ಆ ಹುಡುಗಿಗೆ ಬೇಡವೆನಿಸಿದರೆ ಏನು ಮಾಡಬೇಕು? ಅವಳ ತಾಯಿ ಹಾಕಿದ ಒಂದೇ ಒಂದು ಷರತ್ತು ಇದರ ಬಗ್ಗೆಯೇ ಇತ್ತು. “ನೀವು ಎಲ್ಲಿ ಬೇಕಾದರೂ ಕೇಳಿ, ಏನು ಬೇಕಾದರೂ ಕೊಡಿ. ಆದರೆ ಅವಳು ಬೇಡ ಎನ್ನುವುದಕ್ಕೂ ಜಾಗ ಇರಬೇಕು. ಹತ್ತು ಜನರ ಮುಂದೆ ನಿಲ್ಲಿಸಿ ಕೇಳಬೇಡಿ, ಆ ಹತ್ತು ಜನರಲ್ಲಿ ನಾನಿದ್ದರೂ.”

ಮನೆಯವರೆಲ್ಲ ಸೇರಿ ಮಾಡಬೇಕು, ಆದರೆ ಮನೆಯವರು ಯಾರೂ ಎದುರಿಗೆ ಇರಬಾರದು. ಈ ತೊಡಕನ್ನು ಬಿಡಿಸಿದ್ದು ಅಜ್ಜಿ. “ಗೊಂಬೆ ಹಬ್ಬ ಬರುತ್ತಿದೆಯಲ್ಲ. ಗೊಂಬೆ ನೋಡುವುದಕ್ಕೆ ಯಾರು ಬಂದರೂ ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ.”

ನಮ್ಮ ಕಡೆ ನವರಾತ್ರಿಯೆಂದರೆ ಆಯುಧಪೂಜೆ ಮಾತ್ರ. ಅಪ್ಪ ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಹಾಕುತ್ತಾರೆ. ಗಾಡಿಗೂ ಮಚ್ಚಿಗೂ ಕುಂಕುಮ ಇಟ್ಟು, ಬೂದುಗುಂಬಳ ಒಡೆದರೆ ನಮ್ಮ ಹಬ್ಬ ಮುಗಿಯಿತು. ಮೈಸೂರಿನ ಹಳೆಯ ಮನೆಗಳಲ್ಲಿ ಹಾಗಲ್ಲ. ಪಾಡ್ಯದ ದಿನ ಕಲಶ ಇಟ್ಟು ಗೊಂಬೆ ಕೂರಿಸಿದರೆ ವಿಜಯದಶಮಿಯವರೆಗೂ ಮನೆಯ ನಡುಮನೆ ಗೊಂಬೆಗಳದ್ದೇ. ಅರಮನೆಯಲ್ಲಿ ಅದಕ್ಕೆಂದೇ ಗೊಂಬೆ ತೊಟ್ಟಿ ಇದೆ. ಮನೆಗಳಲ್ಲಿ ಮೆಟ್ಟಿಲು ಕಟ್ಟುತ್ತಾರೆ: ಮೂರು, ಐದು, ಏಳು, ಒಂಬತ್ತು, ಒಟ್ಟಿನಲ್ಲಿ ಬೆಸ ಸಂಖ್ಯೆ. ದಶಾವತಾರ, ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿ ದಂಪತಿ, ಅಂಬಾರಿ ಹೊತ್ತ ಆನೆಯ ಜಂಬೂಸವಾರಿ, ಚನ್ನಪಟ್ಟಣದ ಬಣ್ಣದ ಆಟಿಕೆಗಳು ಎಲ್ಲಕ್ಕೂ ಜಾಗವಿರುತ್ತದೆ. ಆದರೆ ಮೇಲಿನ ಮೆಟ್ಟಿಲು ಮಾತ್ರ ಪಟ್ಟದ ಗೊಂಬೆಗಳದ್ದು. ಮರದಲ್ಲಿ ಕೆತ್ತಿದ ರಾಜ-ರಾಣಿಯ ಆ ಜೋಡಿಯನ್ನು ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಡುತ್ತಾರೆ. ಅವಳ ಮನೆಯ ಮೇಲಿನ ಮೆಟ್ಟಿಲಲ್ಲಿ ಎರಡು ಜೋಡಿಗಳಿವೆ: ನಂಜನಗೂಡಿನ ತವರಿನಿಂದ ಅಜ್ಜಿ ತಂದದ್ದು ಒಂದು, ಅವಳ ತಾಯಿ ತಂದದ್ದು ಇನ್ನೊಂದು. ಅಜ್ಜಿಯ ರಾಜನ ಮೂಗು ಸವೆದು ಬಹುತೇಕ ಮಾಯವಾಗಿದೆ. ರಾಣಿ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ.

ಯೋಜನೆ ಹೀಗೆ ರೂಪುಗೊಂಡಿತು. ಹೊಸದೊಂದು ಪಟ್ಟದ ಗೊಂಬೆ ಜೋಡಿ ತರುವುದು. ರಾಣಿಯನ್ನು ಮಾತ್ರ ಮೆಟ್ಟಿಲ ಮೇಲೆ ಕೂರಿಸುವುದು. ರಾಜ ನನ್ನ ಬಳಿ ಇರುವುದು. ಸರಸ್ವತಿ ಪೂಜೆಯ ಸಂಜೆ ನಾನು ಅವನನ್ನು ತಂದು ಕೇಳುವುದು. ಆ ದಿನವನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಅಂದು ಪುಸ್ತಕಗಳನ್ನೆಲ್ಲ ಪೂಜೆಗೆ ಇಟ್ಟಿರುತ್ತಾರೆ, ಓದುವಂತಿಲ್ಲ, ಬರೆಯುವಂತಿಲ್ಲ. ಉತ್ತರಪತ್ರಿಕೆ ತಿದ್ದುವುದಿದೆ ಎಂದು ಕೋಣೆ ಸೇರುವ ಅಭ್ಯಾಸವಿರುವ ಅವಳು ಅಂದು ಹೊರಗೇ ಇರಬೇಕಾಗುತ್ತದೆ.

ಜೋಡಿಯ ಖರ್ಚು ನನ್ನದು ಎಂದು ನಾನು ಹೇಳಿದ್ದಕ್ಕೆ ಅಜ್ಜಿ ಒಪ್ಪಲಿಲ್ಲ. ಪಟ್ಟದ ಗೊಂಬೆ ತವರಿನಿಂದಲೇ ಬರಬೇಕು, ಗಂಡಿನ ಕಡೆಯವರು ಕೊಂಡುಕೊಟ್ಟರೆ ಅದು ಬರೀ ಮರ. ಹಾಗಾದರೆ ರಾಣಿಯನ್ನು ಒಂಟಿಯಾಗಿ ಕೂರಿಸುವುದು ಸರಿಯೇ, ಅಪಶಕುನವಲ್ಲವೇ ಎಂದು ಅವಳ ತಾಯಿ ಕೇಳಿದರು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ಜೋಡಿಯಾಗಿ ಪೂಜೆಯಾಗುವವರೆಗೆ ಅದು ಪಟ್ಟದ ಗೊಂಬೆಯೇ ಅಲ್ಲ, ಆಟದ ಗೊಂಬೆ, ದೋಷವಿಲ್ಲ ಎಂದರು. ಪಿತೃಪಕ್ಷದಲ್ಲಿ ಕೊಳ್ಳಬಹುದೇ ಎಂದದ್ದಕ್ಕೆ, ಬಂಗಾರ ಕೂಡದು, ಗೊಂಬೆಗೆ ಅಡ್ಡಿಯಿಲ್ಲ ಎಂದರು. ಈ ಶಾಸ್ತ್ರ ಯಾವ ಗ್ರಂಥದಲ್ಲಿದೆಯೋ ತಿಳಿಯದು. ನ್ಯಾಯಾಲಯದಲ್ಲಿ ಇಷ್ಟು ಬೇಗ ತೀರ್ಪು ಬರುವುದನ್ನು ನಾನಂತೂ ಕಂಡಿಲ್ಲ.

ಬಂಗಾರ ಕೂಡದು ಎಂದ ಮೇಲೆ ಉಂಗುರವನ್ನು ಪಕ್ಷಕ್ಕೆ ಮೊದಲೇ ಮಾಡಿಸಬೇಕಾಯಿತು. ಅಳತೆಯ ಜವಾಬ್ದಾರಿಯನ್ನು ಅವಳ ತಂದೆ ಕೇಳದೆಯೇ ವಹಿಸಿಕೊಂಡರು. ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಅವಳು ಚಪಾತಿ ಹಿಟ್ಟು ಕಲಸುವಾಗ ಬೆರಳಿನ ಉಂಗುರ ತೆಗೆದು ಅಡುಗೆಮನೆಯ ಕಿಟಕಿಯ ಮೇಲೆ ಇಡುತ್ತಾಳಂತೆ. ಒಂದು ಸಂಜೆ ಹಿಟ್ಟು ಕಲಸಿ ಮುಗಿಯುವುದರೊಳಗೆ ಅವರು ಅದನ್ನು ಕೋಣೆಗೆ ಒಯ್ದು, ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳೆದು, ಉಂಗುರ ಸೊಟ್ಟಗಾಗಿದ್ದರೆ ಎಂಬ ಅನುಮಾನದಿಂದ ತಿರುಗಿಸಿ ಮತ್ತೆ ಅಳೆದು, ಇದ್ದ ಜಾಗಕ್ಕೇ ತಂದಿಟ್ಟರು. ನನಗೆ ಬಂದ ಸಂದೇಶದಲ್ಲಿ ಇದ್ದದ್ದು ಇಷ್ಟೇ: “ಒಳವ್ಯಾಸ 16.5 ಮಿ.ಮೀ.” ಅಶೋಕ ರಸ್ತೆಯ ಅಂಗಡಿಯವರು ಅದನ್ನು ನೋಡಿ 12ನೇ ನಂಬರು ಎಂದರು. ಒಳಸುತ್ತಳತೆ ಹತ್ತಿರಹತ್ತಿರ 52 ಮಿಲಿಮೀಟರ್, ಅದರಲ್ಲಿ 40 ಕಳೆದರೆ ನಮ್ಮ ಅಂಗಡಿಗಳ ನಂಬರು ಸಿಗುತ್ತದೆ. ಗುಟ್ಟಾಗಿ ಉಂಗುರ ಮಾಡಿಸುವವರು ದಾರ ಸುತ್ತಿ, ಕಾಗದ ಸುತ್ತಿ ಪಡುವ ಪಾಡು ಕೇಳಿದ್ದೇನೆ. ಹುಡುಗಿ ಹಾಕಿಕೊಳ್ಳುವ ಉಂಗುರವೊಂದು ಸಿಕ್ಕಿದರೆ ಒಳವ್ಯಾಸ ಅಳೆಯುವುದೇ ಸರಿಯಾದ ದಾರಿ. ಆದರೆ ಅವಳು ಅದನ್ನು ಯಾವ ಬೆರಳಿಗೆ ಹಾಕಿಕೊಳ್ಳುತ್ತಾಳೆ ಎಂಬುದನ್ನೂ ನೋಡಿಕೊಂಡಿರಬೇಕು.

ಅಂಗಡಿಯವರು ವಜ್ರ ತೋರಿಸಿದರು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂದು ಅಮ್ಮ ಊರಿನಿಂದಲೇ ಫೋನಿನಲ್ಲಿ ತಡೆದಳು. ಕೊನೆಗೆ ಕಲ್ಲಿಲ್ಲದ, ಅಂಚಿನಲ್ಲಿ ಸಣ್ಣ ಹೆಣಿಗೆಯ ಕೆಲಸವಿರುವ 22 ಕ್ಯಾರಟ್ಟಿನ ಉಂಗುರ ಸಾಕೆಂದು ನಿಶ್ಚಯವಾಯಿತು. ಮಾವನವರು ಇಲ್ಲಿಯೂ ಒಂದು ಸೂಚನೆ ಕೊಟ್ಟಿದ್ದರು: 916 ಎಂಬ ಗುರುತು ಮಾತ್ರ ನೋಡಿ ಬರಬೇಡಿ, ಎಚ್‌ಯುಐಡಿ ನೋಡಿ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಇರುವ ಆಭರಣದ ಮೇಲೆ ಅಕ್ಷರ-ಅಂಕಿ ಸೇರಿದ ಆರರ ಈ ಗುರುತು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ವಿವರ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿದೆ, ಸರಿಯಾಗಿತ್ತು.

ಗೊಂಬೆ ಕೊಳ್ಳಲು ಅಜ್ಜಿಯೇ ಹೊರಟರು. ನಜರ್‌ಬಾದ್‌ನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಬೊಂಬೆ ಮನೆಯನ್ನು ನಿಧಾನವಾಗಿ ಸುತ್ತಿ, ಬೇರೆ ಬೇರೆ ರಾಜ್ಯಗಳ ಗೊಂಬೆಗಳನ್ನೆಲ್ಲ ಮುಟ್ಟಿ ನೋಡಿ, ಪೇಟೆಯ ಅಂಗಡಿಗಳಿಗೂ ಹೋಗಿ, ಕಡೆಗೆ ಗೇಣುದ್ದದ ಕೆಂಪು ಮರದ ಜೋಡಿಯೊಂದನ್ನು ಆರಿಸಿದರು. “ರಾಣಿಯ ಮುಖ ಗೆಲುವಾಗಿರಬೇಕು, ರಾಜನದ್ದು ಹೇಗಿದ್ದರೂ ನಡೆಯುತ್ತದೆ” ಎಂದು ನನ್ನ ಮುಖ ನೋಡಿಯೇ ಹೇಳಿದರು. ರಾಜನನ್ನು ಟವೆಲಿನಲ್ಲಿ ಸುತ್ತಿಕೊಂಡು ನಾನು ಮದ್ದೂರಿಗೆ ಹೋದೆ, ಬಟ್ಟೆ ಹೊಲಿಸಲು.

ಇಡೀ ಪ್ರಸಂಗದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಅಮ್ಮ ಊರಿನವರ ರವಿಕೆ, ಲಂಗ ಹೊಲಿಯುವವಳು, ಗೊಂಬೆಗೆ ಎಂದೂ ಹೊಲಿದವಳಲ್ಲ. ಪಟ್ಟದ ಗೊಂಬೆಯ ಕೈಗಳು ಮೈಗೆ ಅಂಟಿಕೊಂಡಿರುತ್ತವೆ, ತೋಳು ತೂರಿಸಲು ಸಂದಿಯೇ ಇರುವುದಿಲ್ಲ. ಮೊದಲ ಅಂಗಿ ರಾಜನ ತಲೆಯಿಂದ ಕೆಳಗಿಳಿಯಲಿಲ್ಲ. ಎರಡನೆಯದು ಇಳಿದು ಸೊಂಟದಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಅಮ್ಮ ಅಜ್ಜಿಗೆ ಫೋನು ಮಾಡಿದಳು. ಅದುವರೆಗೆ ಅವರಿಬ್ಬರ ನಡುವೆ ‘ಚೆನ್ನಾಗಿದ್ದೀರಾ’, ‘ಮಳೆ ಹೇಗಿದೆ’ ಎನ್ನುವುದನ್ನು ಬಿಟ್ಟು ಬೇರೆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಈಗ ಫೋನನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿ ಜೋರುದನಿಯಲ್ಲಿ ಇಟ್ಟುಕೊಂಡು, ಅಜ್ಜಿ ಹೇಳಿದ ಹಾಗೆ ಬಟ್ಟೆಯನ್ನು ಗೊಂಬೆಯ ಮೈಮೇಲೆಯೇ ಸುತ್ತಿ ಬೆನ್ನಿನಲ್ಲಿ ಸೂಜಿಯಿಂದ ಕೂಡಿಸುತ್ತಾ ಹೋದಳು. ಬಟ್ಟೆ ಎಂದರೆ ಅವಳ ಧಾರೆ ಸೀರೆಯ ಸವೆದ ಅಂಚು. ಅದನ್ನು ಕತ್ತರಿಸುವಾಗ ಅಪ್ಪ ಬಾಗಿಲಲ್ಲಿ ನಿಂತು “ಅದನ್ನೇ ಕತ್ತರಿಸಬೇಕೇ?” ಎಂದರು. “ಪೆಟ್ಟಿಗೆಯಲ್ಲಿದ್ದು ಏನು ಮಾಡುತ್ತದೆ?” ಎಂದಳು ಅಮ್ಮ. ಪಂಚೆ ಆಯಿತು, ಜರಿಯ ಪೇಟ ಆಯಿತು, ಹೆಗಲಿಗೆ ಶಲ್ಯವೂ ಆಯಿತು. ಉಂಗುರವನ್ನು ಆ ಶಲ್ಯದ ತುದಿಗೆ, ತಾನು ಸಂತೆಗೆ ಹೋಗುವಾಗ ಸೆರಗಿಗೆ ದುಡ್ಡು ಕಟ್ಟಿಕೊಳ್ಳುವ ಹಾಗೆಯೇ ಗಂಟು ಹಾಕಿದಳು. ಅತ್ತ ಮೈಸೂರಿನಲ್ಲಿ ರಾಣಿಗೆ ಅಜ್ಜಿಯ ಹಳೆಯ ಮೈಸೂರು ರೇಷ್ಮೆಯ ತುಂಡು ಸೀರೆಯಾಯಿತು.

ಗುಟ್ಟು ಕಾಪಾಡುವುದು ಮಾತ್ರ ಹರಸಾಹಸ. ನನ್ನ ಸೋದರತ್ತೆಗೆ ತಿಳಿದರೆ ಮದ್ದೂರಿಗೆ ಬೇರೆ ಪತ್ರಿಕೆ ಬೇಕಿಲ್ಲ. ಆದ್ದರಿಂದ ಕುಪ್ಪಣ್ಣ ಉದ್ಯಾನದ ಫಲಪುಷ್ಪ ಪ್ರದರ್ಶನ ನೋಡಲು ಮೈಸೂರಿಗೆ ಹೋಗುತ್ತಿದ್ದೇವೆ ಎಂದು ಅಮ್ಮ ಹೇಳಿದಳು. ಹೇಳಿದ್ದು ಸುಳ್ಳಾಗಬಾರದೆಂದು ಅಂದು ಮಧ್ಯಾಹ್ನ ಅದನ್ನು ನೋಡಿಯೇ ಬಂದಳು.

ಪಾಡ್ಯದಂದು ರಾಣಿ ಕೂತಳು. ಮೇಲಿನ ಮೆಟ್ಟಿಲಲ್ಲಿಟ್ಟರೆ ಅವಳಿಗೆ ಕೂಡಲೇ ಹೊಳೆಯುತ್ತದೆಂದು ಮೂರನೆಯ ಮೆಟ್ಟಿಲಲ್ಲಿ ಕೂರಿಸಿದ್ದರು. ಅಜ್ಜಿ ಆಸೆಪಟ್ಟು ತಂದದ್ದು, ರಾಜನ ಕಣ್ಣಿನ ಬಣ್ಣ ಅಳಿಸಿತ್ತು, ತಿದ್ದಲು ಕೊಟ್ಟಿದೆ ಎಂಬ ಕಥೆಯೂ ಸಿದ್ಧವಿತ್ತು. ಅವಳು ನಂಬಿದಳು. ನಂಬಿ ಸುಮ್ಮನಿರಲಿಲ್ಲ. ರಾತ್ರಿ ನನಗೆ ಫೋನು ಮಾಡಿ, “ನಮ್ಮ ಮನೆಯ ಗೊಂಬೆಯಲ್ಲಿ ಒಬ್ಬಳು ರಾಣಿ ಒಂಟಿಯಾಗಿ ಕೂತಿದ್ದಾಳೆ. ಪಾಪ ಎನಿಸಿತು. ಜಂಬೂಸವಾರಿಯ ಸಾಲಿನಿಂದ ಪೊಲೀಸಪ್ಪನನ್ನು ತೆಗೆದು ಪಕ್ಕದಲ್ಲಿ ನಿಲ್ಲಿಸಿದ್ದೇನೆ, ಕಾವಲಿಗಾದರೂ ಆಗಲಿ” ಎಂದಳು. ನಾನು ನಗುವವನಂತೆ ನಕ್ಕೆ. ಮರುದಿನ ಅವಳ ತಾಯಿಗೆ ಗಾಬರಿ: ತೆಗೆದರೆ ಅನುಮಾನ, ಬಿಟ್ಟರೆ ರಾಜನಿಗೆ ಜಾಗವಿಲ್ಲ. ಅಜ್ಜಿಯ ತೀರ್ಪು ಮತ್ತೆ ಬಂತು. “ಇರಲಿ ಬಿಡು. ಅವಳೇ ಇಟ್ಟದ್ದು, ತೆಗೆಯುವುದಿದ್ದರೆ ಅವಳೇ ತೆಗೆಯಬೇಕು.”

ಸರಸ್ವತಿ ಪೂಜೆಯ ಸಂಜೆ ನಾವು ಹೋದಾಗ ಬೀದಿಯ ತುಂಬ ಮಲ್ಲಿಗೆ ಮುಡಿದ ಹೆಂಗಸರು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಅಪ್ಪನ ಕೈಯಲ್ಲಿ ಎಳನೀರಿನ ಗೊನೆ, ಅಮ್ಮನ ಕೈಚೀಲದಲ್ಲಿ ಮದ್ದೂರು ವಡೆ, ಅದರಡಿಯಲ್ಲಿ ರಾಜ. ಬಾಗಿಲು ತೆರೆದವಳು ನಮ್ಮನ್ನು ನೋಡಿ ತಬ್ಬಿಬ್ಬಾದಳು. “ದಸರಾ ಆದ ಮೇಲೆ ಬರುತ್ತೇವೆ ಎಂದಿದ್ದಿರಿ?” “ಗೊಂಬೆ ನೋಡಲು ಬಂದೆವು ಕಣಮ್ಮಾ. ನಮ್ಮ ಕಡೆ ಇದೆಲ್ಲ ಇಲ್ಲವಲ್ಲ” ಎಂದಳು ಅಮ್ಮ, ಸುಳ್ಳು ಬೆರೆಯದ ದನಿಯಲ್ಲಿ. ಅವಳು ಅಮ್ಮನಿಗೆ ಒಂದೊಂದು ಮೆಟ್ಟಿಲನ್ನೂ ವಿವರಿಸಿದಳು. ಕೆಳಗೆ ಪುಸ್ತಕಗಳ ರಾಶಿಯ ಮೇಲೆ ವೀಣೆ, ರಾಶಿಯ ನಡುವೆ ಅವಳ ಉತ್ತರಪತ್ರಿಕೆಗಳ ಕಟ್ಟಿಗೂ ಅರಿಸಿನ-ಕುಂಕುಮ ಬಿದ್ದಿತ್ತು.

ಆಮೇಲೆ ಎಲ್ಲರೂ ಹೇಳಿಕೊಟ್ಟಂತೆ ಕರಗಿದರು. ಅವಳ ತಂದೆ ನಮ್ಮಪ್ಪನನ್ನು ಹಿತ್ತಲಿಗೆ ಕರೆದುಕೊಂಡು ಹೋದರು, ತೆಂಗಿಗೆ ನುಸಿ ಹಿಡಿದಿದೆ, ನೋಡಿ ಎಂದು. ಹೆಂಗಸರು ಅಡುಗೆಮನೆ ಸೇರಿದರು. ಅವಳ ತಮ್ಮ ತನ್ನ ಮೊಬೈಲನ್ನು ತಾಯಿಯ ಕೈಗೆ ಒಪ್ಪಿಸಿ ಮಹಡಿ ಹತ್ತಿದ. ನಾನು ಕೈಚೀಲದೊಳಗೆ ಕೈ ಹಾಕಿದೆ. ಅಷ್ಟರಲ್ಲಿ ಬೀದಿಯ ಮಕ್ಕಳ ಹಿಂಡು, “ಗೊಂಬೆ ಕೂರಿಸಿದ್ದೀರಾ?” ಎನ್ನುತ್ತಾ ಒಳಗೆ ನುಗ್ಗಿತು. ಅವರಿಗೆ ಬೇಕಾದದ್ದು ಬೊಂಬೆ ಬಾಗಿನ, ಅಂದರೆ ಚಕ್ಕುಲಿ ಮತ್ತು ಕೊಬ್ಬರಿ ಮಿಠಾಯಿ. ಅವರಲ್ಲೊಬ್ಬಳು ಪುಟ್ಟ ಹುಡುಗಿ ಮೂರನೆಯ ಮೆಟ್ಟಿಲನ್ನೇ ದಿಟ್ಟಿಸಿ, “ಅಕ್ಕಾ, ಈ ರಾಣಿ ಪೊಲೀಸಪ್ಪನನ್ನು ಮದುವೆಯಾದಳಾ?” ಎಂದು ಕೇಳಿದಳು.

ಅವಳು ನಗುತ್ತಾ ತಿರುಗಿದಾಗ ನನ್ನ ಕೈಯಲ್ಲಿ ರಾಜನಿದ್ದ. “ಇನ್ನೂ ಆಗಿಲ್ಲ. ಈ ಜಾಗಕ್ಕೆ ಇವನೂ ಅರ್ಜಿ ಹಾಕಿದ್ದಾನೆ” ಎಂದೆ.

ಅವಳು ರಾಜನನ್ನು ನೋಡಿದಳು, ನನ್ನನ್ನು ನೋಡಿದಳು. ನಂತರ ಮಕ್ಕಳ ಕೈಗೆ ಒಬ್ಬೊಬ್ಬರಿಗೂ ಬಾಗಿನ ಇಟ್ಟು, ಬಾಗಿಲವರೆಗೆ ಕಳಿಸಿ, ಚಿಲಕ ಹಾಕಿ ಬಂದು ನನ್ನ ಎದುರು ನಿಂತಳು. “ಈಗ ಕೇಳು.”

“ನನ್ನನ್ನು ಮದುವೆಯಾಗುತ್ತೀಯಾ?”

ಉತ್ತರಕ್ಕೆ ಮೊದಲು ಅವಳು ರಾಜನನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದುಮುಂದು ತಿರುಗಿಸಿದಳು. ಬೆನ್ನಿನ ಸೂಜಿ ಹೊಲಿಗೆಯ ಮೇಲೆ ಬೆರಳಾಡಿಸಿ, “ಯಾರು ಹೊಲಿದದ್ದು?” ಎಂದಳು. “ಅಮ್ಮ. ಅವಳ ಧಾರೆ ಸೀರೆ.” ಅವಳು ಪೊಲೀಸಪ್ಪನನ್ನು ಎತ್ತಿ ಅಂಬಾರಿಯ ಆನೆಯ ಪಕ್ಕಕ್ಕೆ, ಅವನ ಹಳೆಯ ಕೆಲಸಕ್ಕೆ ಮರಳಿಸಿದಳು. ರಾಜನನ್ನು ಕೂರಿಸಿ ರಾಣಿಯನ್ನು ಅವನ ಎಡಕ್ಕೆ ಸರಿಸಿದಳು. “ಆಗುತ್ತೇನೆ. ಆದರೆ ಮದ್ದೂರಿನಲ್ಲೂ ಗೊಂಬೆ ಕೂರಿಸುತ್ತೇನೆ, ಈಗಲೇ ಹೇಳಿದ್ದೇನೆ.”

ಉಂಗುರದ ಗಂಟು ನನ್ನಿಂದ ಬಿಚ್ಚಲಾಗಲಿಲ್ಲ. ಅಮ್ಮನ ಗಂಟುಗಳು ಸಂತೆಯ ಕಳ್ಳರಿಗೆಂದು ಹಾಕಿದವು. ಅವಳೇ ಹಲ್ಲಿನಿಂದ ಎಳೆದು ಬಿಚ್ಚಿ ಬೆರಳಿಗೆ ಹಾಕಿಕೊಂಡಳು. ಹಿತ್ತಲಿನಿಂದ ಬಂದ ಅವಳ ತಂದೆ ಮೊದಲು ಮುಖ ನೋಡಲಿಲ್ಲ, ಬೆರಳು ನೋಡಿದರು. ಉಂಗುರವನ್ನು ಒಂದು ಸುತ್ತು ತಿರುಗಿಸಿ ತಲೆಯಾಡಿಸಿದರು.

ಎಲ್ಲರೂ ಹೊರಗೆ ಬಂದು, ಅಜ್ಜಿ ಅಮ್ಮನ ಕೈ ಹಿಡಿದುಕೊಂಡು ಹೊಲಿಗೆಯ ತಪ್ಪೊಪ್ಪುಗಳನ್ನು ಎಣಿಸತೊಡಗಿದ ಮೇಲೆ ಅವಳಿಗೆ ಲೆಕ್ಕ ಹೊಂದಿತು. “ಅಂದರೆ ಎಲ್ಲರಿಗೂ ಗೊತ್ತಿತ್ತು?” ಎಂದು ಒಬ್ಬೊಬ್ಬರನ್ನೇ ನೋಡಿದಳು. ಯಾರೂ ಇಲ್ಲವೆನ್ನಲಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿ, “ನಾನು ಬೇಡ ಎಂದಿದ್ದರೆ ಇಷ್ಟು ಜನರನ್ನು ಏನು ಮಾಡುತ್ತಿದ್ದೆ ಅಮ್ಮಾ?” ಎಂದು ಕೇಳಿದಳು.

“ಏನು ಮಾಡುವುದು? ಗೊಂಬೆ ನೋಡಲು ಬಂದವರು ತಾನೇ, ಅರಿಸಿನ-ಕುಂಕುಮ ಕೊಟ್ಟು ಕಳಿಸುತ್ತಿದ್ದೆ.”

“ಬಾಗಿನವನ್ನೂ ಕೊಡುತ್ತಿದ್ದಿರಿ ತಾನೇ?” ಎಂದಳು ನಮ್ಮಮ್ಮ. ಅವಳ ಕೈಯಲ್ಲಿ ಆಗಲೇ ಅರ್ಧ ಚಕ್ಕುಲಿಯಿತ್ತು.